ಥಾರ್‌ಗೆ ಚೆಂದದ ಕೆಂಪು ಪೈಪ್ ಹಾಕಿಸಿ ಎಂಜಿನ್ ಕೆಡಿಸಿಕೊಂಡೆ

ಟರ್ಬೋ ಡೀಸೆಲ್ ಗಾಡಿಯಲ್ಲಿ ಏರ್ ಫಿಲ್ಟರ್‌ನಿಂದ ಟರ್ಬೋಗೆ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪಿಗೆ, ಒಂದು ಪೈಪ್ ಹೋಗುತ್ತದಲ್ಲ, ಅದನ್ನು ಬದಲಾಯಿಸುವ ಯೋಚನೆ ಇದ್ದವರು ಇದನ್ನೊಮ್ಮೆ ಓದಿ. ನಾನು 11,500 ರೂಪಾಯಿ ಕಿಟ್ ಹಾಕಿಸಿದೆ. ಏಳು ತಿಂಗಳಿಗೆ 1,68,000 ರೂಪಾಯಿ ಬಿಲ್ ಕಟ್ಟಿದೆ. ಗಾಡಿ ಇಪ್ಪತ್ಮೂರು ದಿನ ಗ್ಯಾರೇಜಿನಲ್ಲಿ ಬಿದ್ದಿತ್ತು.

ನಾನಿರುವುದು ಬಳ್ಳಾರಿಯಲ್ಲಿ. ಪಂಪ್‌ಸೆಟ್ ಕೆಲಸ ಮಾಡಿಸುತ್ತೇನೆ. ಕಂಪ್ಲಿ, ಸಿರುಗುಪ್ಪ ಕಡೆ ಕಾಲುವೆ ಪಕ್ಕದ ಮೋಟಾರುಗಳು, ಸಂಡೂರು ಕಡೆ ಬೋರ್‌ವೆಲ್. ಗಾಡಿ 2014ರ ಮಹೀಂದ್ರ ಥಾರ್ ಜೀಪು, 2.5 ಲೀಟರ್ ಸಿಆರ್‌ಡಿಇ ಡೀಸೆಲ್ ಎಂಜಿನ್. ವಾರವೆಲ್ಲ ಪೈಪು, ಕೇಬಲ್ಲು ಹೊರುತ್ತದೆ, ಭಾನುವಾರ ಗೆಳೆಯರ ಜೊತೆ ಗುಡ್ಡ ಹತ್ತುತ್ತದೆ. ಆಗ 1,12,000 ಕಿಲೋಮೀಟರ್ ಓಡಿತ್ತು. ಆಯಿಲ್ ಕುಡಿಯುತ್ತಿರಲಿಲ್ಲ, ಹೊಗೆ ಇರಲಿಲ್ಲ, ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಸುಮ್ನೆ ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಹಾಗೆ ಮಾಡಿದೆ.

ಶುರುವಾಗಿದ್ದು ಸ್ನಾರ್ಕೆಲ್‌ನಿಂದ, ಅಂದರೆ ಗಾಡಿ ಟಾಪಿನ ಎತ್ತರದಿಂದ ಎಂಜಿನ್ನಿಗೆ ಗಾಳಿ ತರುವ ಕೊಳವೆಯಿಂದ. ಅದು ಬೇಕಿತ್ತು, ಅದರಲ್ಲಿ ತಪ್ಪಿಲ್ಲ. ತೋರಣಗಲ್ಲು ದಾಟಿ ಸಂಡೂರಿನ ಕಡೆ ತಿರುಗಿದರೆ ಅದಿರು ಲಾರಿಗಳ ಹಿಂದೆ ಹೋಗುವ ಕಷ್ಟ ಈ ಕಡೆಯವರಿಗೆ ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಕೆಲವು ಕಾಲ ಆ ರಸ್ತೆಯಲ್ಲಿ ಗಿಡದ ಎಲೆ ಹಸಿರಾಗಿ ಕಂಡಿತ್ತು. ಈಗ ಮತ್ತೆ ಎಲ್ಲ ಕೆಂಪು. ಧೂಳು ಜಾಸ್ತಿ ಇರುವುದು ಚಕ್ರದ ಎತ್ತರದಲ್ಲಿ. ಟಾಪಿನ ಎತ್ತರದಿಂದ ಗಾಳಿ ತೆಗೆದುಕೊಂಡರೆ ಫಿಲ್ಟರ್‌ಗೆ ಅಷ್ಟು ಹೊರೆ ಕಡಿಮೆ. ಟ್ರ್ಯಾಕ್ಟರ್ ಬಾನೆಟ್ಟಿನ ಮೇಲೆ ಕೊಳವೆ ನಿಲ್ಲಿಸಿ ಬಟ್ಟಲು ಕೂರಿಸಿರುತ್ತಾರಲ್ಲ, ಅದೂ ಇದಕ್ಕೇ.

ಸ್ನಾರ್ಕೆಲ್ ಹುಡುಕುವಾಗ ಆನ್‌ಲೈನಿನಲ್ಲಿ ಪಕ್ಕದಲ್ಲೇ ಇಂಟೇಕ್ ಪೈಪ್ ಕಿಟ್ ಕಂಡಿತು. ಹೊಳೆಯುವ ಅಲ್ಯುಮಿನಿಯಂ ಪೈಪು, ಕೆಂಪು ಸಿಲಿಕೋನ್ ಹೋಸು, ನಾಲ್ಕು ಕ್ಲಾಂಪು. "ಗಾಳಿ ಜಾಸ್ತಿ, ಪಿಕಪ್ ಜಾಸ್ತಿ" ಅಂತ ಬರೆದಿತ್ತು. ಕಂಪನಿ ಕೊಟ್ಟ ಕಪ್ಪು ರಬ್ಬರ್ ಪೈಪ್ ಅದರ ಮುಂದೆ ಹಳೇ ಚಪ್ಪಲಿ ಥರ ಕಾಣಿಸಿತು. ಎರಡೂ ತರಿಸಿದೆ.

ಹಾಕಿಸಿದ್ದು ಪರಿಚಯದ ಗ್ಯಾರೇಜಿನಲ್ಲಿ. ಹೆಸರು ಬೇಡ, ಆ ಹುಡುಗ ಕೆಟ್ಟವನಲ್ಲ. ಟರ್ಬೋ ಬಾಯಿಗಿಂತ ಹೋಸು ದೊಡ್ಡದಿತ್ತು. "ಅಣ್ಣಾ, ಸೈಜ್ ಸ್ವಲ್ಪ ಲೂಸ್ ಐತಿ, ಟ್ಯೂಬ್ ಪಟ್ಟಿ ಸುತ್ತಿ ಟೈಟ್ ಮಾಡಿಬಿಡ್ತೀನಿ" ಅಂದ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಎರಡು ಸುತ್ತು ಸುತ್ತಿದ. ಮೇಲೆ ಕ್ಲಾಂಪ್ ಬಿಗಿದ. ನಾನು ಪಕ್ಕದಲ್ಲೇ ಚಹಾ ಕುಡಿಯುತ್ತಾ ನಿಂತಿದ್ದೆ. ಒಂದು ಮಾತೂ ಆಡಲಿಲ್ಲ.

ಇಲ್ಲೇ ನನಗೆ ನಾಚಿಕೆ. ಇಪ್ಪತ್ತು ವರ್ಷದಿಂದ ನಾನು ರೈತರಿಗೆ ಹೇಳುತ್ತಾ ಬಂದಿರುವುದು ಒಂದೇ ಮಾತು. ಮೋಟಾರಿನಿಂದ ನೀರು ಹೊರಬಿಡುವ ಡೆಲಿವರಿ ಪೈಪ್ ಸೋರಿದರೆ ನೀರು ಚಿಮ್ಮುತ್ತದೆ, ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ. ನೀರು ಎಳೆದುಕೊಳ್ಳುವ ಸಕ್ಷನ್ ಪೈಪ್ ಸೋರಿದರೆ ಒಂದು ಹನಿಯೂ ಹೊರಗೆ ಬರಲ್ಲ. ಒಳಗೆ ಗಾಳಿ ಎಳೆದುಕೊಳ್ಳುತ್ತದೆ, ಅಷ್ಟೇ. ಮೋಟಾರ್ ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಏರಲ್ಲ. ಅದಕ್ಕೇ ರೈತರು ಜಾಯಿಂಟಿಗೆ ಸಗಣಿ ಮೆತ್ತಿ ನೋಡುವುದು. ಎಂಜಿನ್ನಿನಲ್ಲೂ ಇದೇ ಲೆಕ್ಕ. ಟರ್ಬೋ ಒಂದು ಪಂಪು. ಅದರಿಂದ ಆಚೆ, ಗಾಳಿ ತಣಿಸುವ ಇಂಟರ್‌ಕೂಲರ್ ಕಡೆ ಹೋಗುವ ಪೈಪ್ ಡೆಲಿವರಿ. ಅದು ಬಿಟ್ಟುಕೊಂಡರೆ ಬುಸ್ ಅನ್ನುವ ಸದ್ದು ಬರುತ್ತದೆ, ಕರಿ ಹೊಗೆ ಬರುತ್ತದೆ, ಎಳೆತ ಸಾಯುತ್ತದೆ. ಅದೇ ದಿನ ಗ್ಯಾರೇಜಿಗೆ ಓಡುತ್ತೀರಿ. ಫಿಲ್ಟರ್‌ನಿಂದ ಟರ್ಬೋವರೆಗಿನದು ಸಕ್ಷನ್. ಅಲ್ಲಿ ಸೀಳು ಬಿದ್ದರೆ ಸದ್ದಿಲ್ಲ, ಹೊಗೆ ಇಲ್ಲ, ಡ್ಯಾಶ್‌ಬೋರ್ಡಿನ ಎಚ್ಚರಿಕೆ ಲೈಟೂ ಹತ್ತದೇ ಇರಬಹುದು. ಫಿಲ್ಟರ್ ಆದಮೇಲೆ ತಡೆಯುವವರು ಯಾರೂ ಇಲ್ಲ. ಧೂಳು ಸೀದಾ ಒಳಗೆ.

ಎಷ್ಟು ಗಾಳಿ ಅಂತ ಆಮೇಲೆ ಲೆಕ್ಕ ಹಾಕಿದೆ. 2.5 ಲೀಟರ್ ಎಂಜಿನ್, ಎರಡು ಸುತ್ತಿಗೆ ಒಮ್ಮೆ ತುಂಬಿಕೊಳ್ಳುತ್ತದೆ. 3,000 ಆರ್‌ಪಿಎಂನಲ್ಲಿ ನಿಮಿಷಕ್ಕೆ 3,750 ಲೀಟರ್. ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕ್ ನಾಲ್ಕು ಇಟ್ಟರೆ ಹತ್ತಿರ ಹತ್ತಿರ ನಿಮಿಷದಲ್ಲಿ ಖಾಲಿ. ಇದು ಟರ್ಬೋ ಇಲ್ಲದ ಲೆಕ್ಕ. ಟರ್ಬೋ ಒತ್ತಿದಾಗ ಇನ್ನೂ ಜಾಸ್ತಿ. ಇಷ್ಟು ಜೋರಾಗಿ ಎಳೆಯುವ ಕಡೆ ಕೂದಲೆಳೆ ಸಂದು ಸಾಕು.

ಮೊದಲ ತಿಂಗಳು ಖುಷಿಯೋ ಖುಷಿ. ಸ್ನಾರ್ಕೆಲ್ಲಿನಿಂದ ಗುಂಯ್ ಅನ್ನುವ ಎಳೆತದ ಸದ್ದು ಕಿವಿಗೆ ಕೇಳುತ್ತಿತ್ತು. ಪಿಕಪ್ ಬಂದಿದೆ ಅಂತ ನಾನೇ ನಾಲ್ಕು ಜನಕ್ಕೆ ಹೇಳಿದೆ. ನಿಜ ಹೇಳಬೇಕೆಂದರೆ ಏನೂ ಬಂದಿರಲಿಲ್ಲ. ಡೀಸೆಲ್ ಎಂಜಿನ್ ಮೊದಲೇ ಬೇಕಾದ್ದಕ್ಕಿಂತ ಜಾಸ್ತಿ ಗಾಳಿಯಲ್ಲೇ ಓಡುತ್ತದೆ. ಡೀಸೆಲ್ ಎಷ್ಟು ಹಾಕಬೇಕು ಅನ್ನುವುದು ಕಂಪ್ಯೂಟರ್ ಕೈಯಲ್ಲಿ. ಅದನ್ನು ಮುಟ್ಟದೆ ಬರೀ ಪೈಪ್ ಅಗಲ ಮಾಡಿದರೆ ಸಿಗುವುದು ಸದ್ದು.

ಫೆಬ್ರವರಿಯಲ್ಲಿ ಫಿಲ್ಟರ್ ತೆಗೆದೆ. ಯಾವಾಗಲೂ ತಟ್ಟಿದರೆ ಅಂಗೈ ತುಂಬ ಕೆಂಪು ಪುಡಿ ಬೀಳುತ್ತಿತ್ತು. ಈ ಸಲ ಕಡಿಮೆ. ಸ್ನಾರ್ಕೆಲ್ ಮಹಿಮೆ ಅಂದುಕೊಂಡೆ. ಸ್ವಲ್ಪ ಅದೂ ಇರಬಹುದು. ಆದರೆ ಗಾಳಿಗೆ ಕಾಗದದ ಮೂಲಕ ಹೋಗುವುದಕ್ಕಿಂತ ಸಂದಿನಲ್ಲಿ ನುಸುಳುವುದು ಸುಲಭ ಅಲ್ವಾ? ಆಗ ಪೈಪ್ ಕೂಡ ಬಿಚ್ಚಿ ಒಮ್ಮೆ ಬೆರಳು ಹಾಕಿದ್ದರೆ ಅರ್ಧ ಖರ್ಚು ಉಳಿಯುತ್ತಿತ್ತು.

ಯುಗಾದಿ ಹೊತ್ತಿಗೆ ಆಯಿಲ್ ಇಳಿಯತೊಡಗಿತು. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್. ಏಪ್ರಿಲ್ ಕೊನೆಗೆ ಟರ್ಬೋ ಸೀಟಿ ಹೊಡೆದ ಹಾಗೆ ಸದ್ದು. ಎಕ್ಸಲೇಟರ್ ಒತ್ತಿದರೆ ನೀಲಿ ಹೊಗೆ. ಆಯಿಲ್ ಮುಚ್ಚಳ ತೆಗೆದರೆ ಇಡ್ಲಿ ಪಾತ್ರೆ ತೆರೆದ ಹಾಗೆ ಬುಸು ಬುಸು. ಬ್ಯಾಕ್ ಕಂಪ್ರೆಷನ್, ಅಂದರೆ ಪಿಸ್ಟನ್ ರಿಂಗ್ ಸವೆದು ಒತ್ತಡ ಕೆಳಗೆ ಸೋರುವುದು. ಗಾಡಿ ಹಳೇದಾಯ್ತಲ್ಲ, ಇದೆಲ್ಲ ಇದ್ದದ್ದೇ ಅಂದರು ಮೊದಲ ಗ್ಯಾರೇಜಿನವರು. ನಾನೂ ನಂಬುತ್ತಿದ್ದೆನೇನೋ. ಗೆಳೆಯನೊಬ್ಬ ಟಿಪ್ಪರ್ ಎಂಜಿನ್ ಬಿಚ್ಚುವ ಒಬ್ಬ ಹಿರಿಯರ ಹತ್ತಿರ ಕರೆದುಕೊಂಡು ಹೋದ. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯುವುದು.

ಚಾಚಾ ಸ್ಟಾರ್ಟ್ ಕೂಡ ಮಾಡಿಸಲಿಲ್ಲ. ಬಾನೆಟ್ ಎತ್ತಿ ಕೆಂಪು ಹೋಸು ನೋಡಿದರು. "ಇದನ್ನ ಬಿಚ್ಚಪ್ಪ, ಒಳಗೆ ಬೆರಳು ಹಾಕು" ಅಂದರು. ಹಾಕಿದೆ. ಕುಂಕುಮ ಕಲಸಿದ ಹಾಗೆ ಬೆರಳಿಗೆ ಅಂಟಿಕೊಂಡು ಬಂತು. ಎಂಜಿನ್ ಉಸಿರಾಡುವ ಬ್ರೀದರ್ ಪೈಪ್ ಅದೇ ಜಾಗಕ್ಕೆ ಸೇರುತ್ತದೆ, ಅದರಿಂದ ಆಯಿಲ್ ಆವಿ ಬರುತ್ತದೆ. ಆಯಿಲ್ಲಿಗೆ ಅದಿರಿನ ಧೂಳು ಸೇರಿದರೆ ಏನಾಗುತ್ತದೆ? ಲೋಹ ಉಜ್ಜಿ ಸವೆಸುವ ಪೇಸ್ಟ್ ಆಗುತ್ತದೆ. "ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಡಬ್ಬಿಗೆ ದುಡ್ಡು ಕೊಟ್ಟು ತರ್ತೀವಿ, ನಿನಗೆ ಪುಕ್ಕಟೆ ಸಿಕ್ಕೈತಿ" ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅಕ್ಕಸಾಲಿಗರು ಬಂಗಾರಕ್ಕೆ ಹೊಳಪು ಕೊಡುವ ಕೆಂಪು ಪುಡಿ ಇದೆಯಲ್ಲ, ಅದೂ ಕಬ್ಬಿಣದ ಆಕ್ಸೈಡೇ. ನಮ್ಮ ರಸ್ತೆ ಧೂಳಿನಲ್ಲಿ ಅದರ ಜೊತೆಗೆ ಅದಕ್ಕಿಂತ ಗಟ್ಟಿಯಾದ ಮರಳಿನ ಕಣವೂ ಇರುತ್ತದೆ.

ಟರ್ಬೋ ಬಿಚ್ಚಿದಾಗ ಗಾಳಿ ಎಳೆಯುವ ಕಡೆಯ ರೆಕ್ಕೆಗಳ ಅಂಚು ಅರ ಹಾಕಿ ಉಜ್ಜಿದ ಹಾಗೆ ಸವೆದಿತ್ತು. ಶಾಫ್ಟ್ ಕೈಯಲ್ಲೇ ಅಲ್ಲಾಡುತ್ತಿತ್ತು. ಎಂಜಿನ್ನಿನ ಸಿಲಿಂಡರ್ ಬೋರ್ ನಾಲ್ಕೂ ಸವೆದಿದ್ದವು, ಪಿಸ್ಟನ್ ರಿಂಗ್ ಅಂಚು ಬ್ಲೇಡಿನಷ್ಟು ತೆಳ್ಳಗಾಗಿತ್ತು. ಇಂಟರ್‌ಕೂಲರ್ ಬೋರಲು ಹಾಕಿದರೆ ಕೆಂಪು ಆಯಿಲ್ ಸುರಿಯಿತು. ಅದನ್ನು ತೊಳೆಯದೆ ಹಾಗೇ ಹಾಕಿದ್ದರೆ ಹೊಸ ರಿಂಗಿಗೂ ಅದೇ ಗತಿ. ಇಂಥ ಕೆಲಸ ಮಾಡಿಸುವವರು ಇಂಟರ್‌ಕೂಲರ್ ಮತ್ತು ಪೈಪುಗಳನ್ನು ಕಣ್ಣೆದುರಿಗೇ ತೊಳೆಸಿ.

ಪೈಪ್ ಯಾಕೆ ಕೈಕೊಟ್ಟಿತು ಅಂತ ಚಾಚಾ ಒಂದೊಂದಾಗಿ ತೋರಿಸಿದರು. ಸೈಕಲ್ ಟ್ಯೂಬ್ ಆಯಿಲ್ ಕುಡಿದು ಉಬ್ಬಿ ಒಂದು ಕಡೆ ಜಾರಿತ್ತು, ಆ ಟ್ಯೂಬ್ ರಬ್ಬರಿಗೂ ಆಯಿಲ್ಲಿಗೂ ಆಗಿಬರಲ್ಲ. ಸಾದಾ ಸಿಲಿಕೋನ್ ಹೋಸಿನ ಕಥೆಯೂ ಅಷ್ಟೇ. ಶಾಖ ತಡೆಯುತ್ತದೆ, ಆಯಿಲ್ ತಡೆಯಲ್ಲ, ಮೆತ್ತಗಾಗುತ್ತಾ ಹೋಗುತ್ತದೆ. ಆಯಿಲ್ ಆವಿ ಇರುವ ಜಾಗಕ್ಕೆ ಒಳಗೆ ಫ್ಲೋರೋಸಿಲಿಕೋನ್ ಪದರ ಇರುವುದು ಬೇಕು. ನನ್ನದರಲ್ಲಿ ಇರಲಿಲ್ಲ. ಕ್ಲಾಂಪು ಸ್ಕ್ರೂ ತಿರುಗಿಸಿ ಬಿಗಿಯುವ ಮಾಮೂಲಿ ಪಟ್ಟಿ. ಪಟ್ಟಿಯಲ್ಲಿನ ಗೀರುಗಳು ಮೆತ್ತನೆ ಹೋಸನ್ನು ಕಚ್ಚಿ ಸೀಳಿದ್ದವು. ಅಲ್ಯುಮಿನಿಯಂ ಪೈಪಿನ ತುದಿ ನುಣ್ಣಗಿತ್ತು. ತುದಿಯಲ್ಲಿ ಸುತ್ತ ಒಂದು ಉಬ್ಬು ಇರಬೇಕು, ಹೋಸು ಅದನ್ನು ದಾಟಿ ಕೂತರೆ ಜಾರಲ್ಲ.

ಇವೆಲ್ಲದಕ್ಕಿಂತ ದೊಡ್ಡದು ಇನ್ನೊಂದು. ಫಿಲ್ಟರ್ ಡಬ್ಬಿ ಬಾಡಿಗೆ ಬೋಲ್ಟ್ ಆಗಿದೆ. ಟರ್ಬೋ ಎಂಜಿನ್ ಮೇಲಿದೆ. ಡೀಸೆಲ್ ಎಂಜಿನ್ ಐಡ್ಲಿಂಗ್‌ನಲ್ಲೇ ನಡುಗುತ್ತದೆ. ಕಲ್ಲು ಹತ್ತುವಾಗ ಮೌಂಟಿಂಗ್ ಮೇಲೆ ಎಂಜಿನ್ ಹೇಗೆ ವಾಲುತ್ತದೆ ಅಂತ ಬಾನೆಟ್ ತೆಗೆದು ನೋಡಿದವರಿಗೆ ಗೊತ್ತು. ಕಂಪನಿ ಪೈಪಿನ ನಡುವೆ ಹಾರ್ಮೋನಿಯಂ ತಿದಿ ಥರ ಮಡಿಕೆ ಇರುತ್ತದಲ್ಲ, ಅದು ಈ ಅಲುಗಾಟ ನುಂಗಿಕೊಳ್ಳಲಿಕ್ಕೆ. ನಾನು ಅದನ್ನು ಕಿತ್ತು ಗಟ್ಟಿ ಲೋಹದ ಕೊಳವೆ ಕೂರಿಸಿದ್ದೆ. ಪ್ರತಿ ಅಲುಗಾಟವೂ ಜಾಯಿಂಟಿನ ಮೇಲೇ ಬಿತ್ತು.

ಕಿಟ್ ಮಾರಿದವರಿಗೆ ಫೋಟೋ ಕಳಿಸಿದೆ. ಹಾಕಿದವರ ತಪ್ಪು ಅಂದರು. ಹಾಕಿದವನು "ನೀವು ತಂದ ಮಾಲು ಅಣ್ಣಾ" ಅಂದ. ಇಬ್ಬರದೂ ಸುಳ್ಳಲ್ಲ. ಟ್ಯೂಬ್ ಸುತ್ತುವಾಗ ಬೇಡ ಅನ್ನದೆ ನಿಂತವನು ನಾನು. ಜಗಳ ಮುಂದುವರಿಸಲಿಲ್ಲ.

ಈಗ ಹೊಸದಾಗಿ ಕಂಪನಿಯದೇ ರಬ್ಬರ್ ಪೈಪ್ ಹಾಕಿಸಿದ್ದೇನೆ. ಎರಡು ಸಾವಿರದೊಳಗೆ ಮುಗಿಯಿತು. ಸ್ನಾರ್ಕೆಲ್ ಉಳಿಸಿಕೊಂಡಿದ್ದೇನೆ. ಅದರ ಜಾಯಿಂಟುಗಳಿಗೂ ಸರಿಯಾದ ಸೀಲ್ ಹಾಕಿಸಿದೆ. ಅಲ್ಲಿ ಸೋರಿದರೆ ಧೂಳನ್ನಾದರೂ ಫಿಲ್ಟರ್ ಹಿಡಿಯುತ್ತದೆ, ಹಳ್ಳ ದಾಟುವಾಗ ನೀರನ್ನು ಹಿಡಿಯಲ್ಲ.

ಚಾಚಾ ಕಲಿಸಿದ ಪರೀಕ್ಷೆ ಒಂದಿದೆ, ಪೈಸೆ ಖರ್ಚಿಲ್ಲ. ಗಾಡಿ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಐಡ್ಲಿಂಗ್‌ನಲ್ಲಿ ಬಿಡಿ. ದಪ್ಪ ರಬ್ಬರ್ ಶೀಟ್ ಅಂಟಿಸಿದ ಹಲಗೆಯಿಂದ ಸ್ನಾರ್ಕೆಲ್ ಬಾಯಿ ಪೂರ್ತಿ ಮುಚ್ಚಿ. ಕೈಯಲ್ಲಿ ಮುಚ್ಚಬೇಡಿ, ಎಳೆತ ಜೋರಿರುತ್ತದೆ. ಎಲ್ಲ ಸರಿ ಇದ್ದರೆ ಕೆಲವೇ ಸೆಕೆಂಡಿನಲ್ಲಿ ಎಂಜಿನ್ ಏದುಸಿರು ಬಿಟ್ಟು ಆಫ್ ಆಗಬೇಕು. ಆರಾಮಾಗಿ ಓಡುತ್ತಲೇ ಇದ್ದರೆ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ ಅಂತ ಅರ್ಥ. ರೇಸ್ ಮಾತ್ರ ಮಾಡಬೇಡಿ, ಹೋಸು ಚಪ್ಪಟೆಯಾಗಿ ಒಳಗೆ ಕುಸಿಯಬಹುದು. ನನ್ನ ಕೆಂಪು ಹೋಸಿನ ಮೇಲೆ ಈ ಪರೀಕ್ಷೆಯನ್ನು ಹಾಕಿಸಿದ ದಿನದಿಂದ ಆಗಾಗ ಮಾಡಿದ್ದರೆ ಬೇಗ ಗೊತ್ತಾಗುತ್ತಿತ್ತು.

ಫಿಲ್ಟರ್ ಬಗ್ಗೆಯೂ ಒಂದು ಮಾತು. ಪಂಕ್ಚರ್ ಅಂಗಡಿಯಲ್ಲಿ ಕಂಪ್ರೆಸರ್ ಗಾಳಿ ಹೊಡೆಸಿ ಕ್ಲೀನ್ ಮಾಡಿಸುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಆ ಒತ್ತಡಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳಬಹುದು. ಹೊಸದು ಹಾಕಿ, ಅದೇನು ಮಹಾ ದುಬಾರಿಯಲ್ಲ. ಆಯಿಲ್ ಸವರಿದ ಹತ್ತಿ ಬಟ್ಟೆಯ ಕೋನ್ ಫಿಲ್ಟರ್ ನಮ್ಮ ಧೂಳಿಗೆ ನನಗಂತೂ ಬೇಡ. ಫಿಲ್ಟರ್ ಪಕ್ಕದಲ್ಲಿ ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ ಆ ಆಯಿಲ್ ಹಾರಿ ಸೆನ್ಸರ್ ಮೇಲೆ ಕೂರಬಹುದು. ಅಂಥ ಗಾಡಿಗಳಲ್ಲಿ ಪೈಪಿನ ಅಗಲ ಬದಲಾದರೆ ಸೆನ್ಸರ್ ಲೆಕ್ಕವೂ ತಪ್ಪುತ್ತದೆ.

ಇಷ್ಟಾದರೂ ಬದಲಾಯಿಸಲೇಬೇಕು ಅನ್ನುವವರು ಟರ್ಬೋ ಬಾಯಿಯ ಅಳತೆ ಕ್ಯಾಲಿಪರ್ ಹಿಡಿದು ತೆಗೆದುಕೊಳ್ಳಿ. ಅದೇ ಅಳತೆಯ, ಒಳಗೆ ತಂತಿ ಸುತ್ತಿದ, ಮಡಿಕೆ ಇರುವ ಹೋಸು ಸಿಕ್ಕರೆ ಮಾತ್ರ ಮುಂದೆ ಹೋಗಿ. ಯಾರಾದರೂ ಟ್ಯೂಬ್ ಪಟ್ಟಿ, ಟೇಪು, ಎಂ-ಸೀಲ್ ಕೈಗೆ ತೆಗೆದುಕೊಂಡರೆ ಕೀ ಇಸ್ಕೊಂಡು ಹೊರಡಿ.

ನಾನು ಈಗ ಸಾವಿರ ಕಿಲೋಮೀಟರಿಗೆ ಒಮ್ಮೆ ಪೈಪ್ ಬಿಚ್ಚಿ, ಟರ್ಬೋ ಬಾಯಿಯ ಹತ್ತಿರ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡುತ್ತೇನೆ. ಹೆಂಡತಿಗೆ ಇದೊಂದು ತಮಾಷೆಯಾಗಿದೆ. ಹೋದ ವಾರ ಸಂಡೂರಿಗೆ ಎರಡು ಸಲ ಹೋಗಿಬಂದಮೇಲೂ ನೋಡಿದೆ. ಬಟ್ಟೆಗೆ ಸ್ವಲ್ಪ ಆಯಿಲ್ ಜಿಡ್ಡು ಹತ್ತಿತ್ತು. ಕೆಂಪು ಇರಲಿಲ್ಲ.