480 ದೊಡ್ಡದಾ, 100 ದೊಡ್ಡದಾ? ಹಳೇ ಡಿಸ್ಕಿನಿಂದ ಡೇಟಾ ತೆಗೆಯಲು ನಾನು ನೋಡಿದ ನಾಲ್ಕು ದಾರಿ

ಕೊಡಗಿನ ಸುಂಟಿಕೊಪ್ಪದ ಹತ್ತಿರ ದೊಡ್ಡಪ್ಪನ ತೋಟದ ಮನೆಯಲ್ಲಿ 2002ರಲ್ಲಿ ತಂದ ಕಂಪ್ಯೂಟರ್ ಇದೆ. ಒಳಗೆ 40 ಜಿಬಿಯ ಐಡಿಇ (ಅಗಲವಾದ ಪಟ್ಟಿ ಕೇಬಲಿನಲ್ಲಿ ಜೋಡಿಸುವ ಹಳೇ ಬಗೆಯ) ಹಾರ್ಡ್ ಡಿಸ್ಕ್. ಆಳುಗಳ ಸಂಬಳದ ಪಟ್ಟಿ, ಮೆಣಸು ಮಾರಿದ ಲೆಕ್ಕ, ಅಕ್ಕನ ಮದುವೆ ವಿಡಿಯೊ, ಜೊತೆಗೆ ದಿನದಿನದ ಮಳೆ ಲೆಕ್ಕ ಎಲ್ಲವೂ ಅದರಲ್ಲೇ. ಮಳೆಗಾಲದ ತೇವಕ್ಕೆ ಈಗೀಗ ಕೆಲವು ದಿನ ಅದು ಆನ್ ಆಗುವುದೇ ಇಲ್ಲ. "ಎಲ್ಲಾ ತೆಗೆಯೋಕೆ ಎಷ್ಟು ಹೊತ್ತು ಬೇಕು ಮಗಾ? ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ" ಅಂತ ದೊಡ್ಡಪ್ಪ ಕೇಳಿದರು.

ತೆಗೆಯಬೇಕಾದದ್ದು 30 ಜಿಬಿ. ಯಾವ ದಾರಿ ಬೇಗ ಅಂತ ಹೇಳಬೇಕಾದರೆ ಮೊದಲು ಎಲ್ಲಾ ವೇಗಗಳನ್ನೂ ಒಂದೇ ಅಳತೆಗೆ ತರಬೇಕು. ದೊಡ್ಡಪ್ಪ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಭಾಗ) ಬರೆಯುತ್ತಾರೆ. ಹವಾಮಾನ ವರದಿ ಮಿಲಿಮೀಟರಿನಲ್ಲಿ ಬರುತ್ತದೆ. 25.4ರಿಂದ ಗುಣಿಸದೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಅರ್ಥವಿಲ್ಲ, ಅಲ್ವಾ? ಇಲ್ಲಿಯೂ ಹಾಗೇ.

ಡಿಸ್ಕಿನ ಮೇಲೆ ಎಟಿಎ 100 ಅಂತ ಇತ್ತು. ಎಟಿಎ ಅಂದರೆ ಐಡಿಇಯ ಇನ್ನೊಂದು ಹೆಸರು. ಯುಎಸ್‌ಬಿ 2.0 ಅಂದರೆ 480. ನೋಡಿದ ಕೂಡಲೇ ಯುಎಸ್‌ಬಿ ಐದು ಪಟ್ಟು ಜೋರು ಅನಿಸುತ್ತದೆ. ಆದರೆ ಐಡಿಇಯ 33, 66, 100, 133 ಎಲ್ಲವೂ ಸೆಕೆಂಡಿಗೆ ಮೆಗಾಬೈಟ್. ಯುಎಸ್‌ಬಿಯ 480 ಮೆಗಾಬಿಟ್. ಎಂಟು ಬಿಟ್ ಸೇರಿ ಒಂದು ಬೈಟ್, ಹಾಗಾಗಿ 480 ಇಳಿದು 60 ಆಗುತ್ತದೆ. ಹಳೇ ಯುಎಸ್‌ಬಿ 1.1ರ 12 ಬರೀ ಒಂದೂವರೆ. ನೆಟ್‌ವರ್ಕ್ ಕೇಬಲಿನ 100 ಅಂದರೆ 12.5. ಐಡಿಇ ಆದಮೇಲೆ ಬಂದ ಡಿಸ್ಕ್ ಜೋಡಣೆ ಸಾಟಾ ಮಾತ್ರ ಬೇರೆ. ಅದರ 1.5 ಗಿಗಾಬಿಟ್ಟನ್ನು ಎಂಟರಿಂದಲ್ಲ, ಹತ್ತರಿಂದ ಭಾಗಿಸಬೇಕು. ಪ್ರತಿ ಎಂಟು ಬಿಟ್ ಡೇಟಾವನ್ನು ಅದು ಹತ್ತು ಬಿಟ್ ಮಾಡಿ ಕಳಿಸುತ್ತದೆ. ಹಾಗಾಗಿ ಅಲ್ಲಿ ಸಿಗುವುದು 150 ಮೆಗಾಬೈಟ್. ನಾನು ಮೊದಲು ಎಂಟರಿಂದಲೇ ಭಾಗಿಸಿ 187 ಅಂತ ಬರೆದುಕೊಂಡಿದ್ದೆ.

ಇದೂ ಪೇಪರಿನ ಲೆಕ್ಕವೇ. ರೋಬಸ್ಟಾ ಕಾಫಿ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) 50 ಕೆಜಿ ಚೀಲ ಕೊಟ್ಟರೆ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜ) ಸುಮಾರು 26 ಕೆಜಿ ಬರುತ್ತದೆ ಅಂತ ತೋಟದವರಿಗೆ ಗೊತ್ತು. ಇಲ್ಲಿ ಔಟ್‌ಟರ್ನ್ ಎಷ್ಟು ಅಂತ ತಿಳಿಯಲು 2 ಜಿಬಿಯ ಮದುವೆ ವಿಡಿಯೊ ಒಂದನ್ನೇ ನಾಲ್ಕೂ ದಾರಿಯಲ್ಲಿ ಕಳಿಸಿ, ಗಡಿಯಾರ ಹಿಡಿದು ಕೂತೆ.

ಹಳೇ ಕಂಪ್ಯೂಟರಿನ ಯುಎಸ್‌ಬಿ 1.1ಕ್ಕೆ ಪೆನ್ ಡ್ರೈವ್ ಹಾಕಿದಾಗ ವಿಡಿಯೊಗೆ 33 ನಿಮಿಷ ಹಿಡಿಯಿತು. ಸೆಕೆಂಡಿಗೆ ಒಂದೇ ಮೆಗಾಬೈಟ್. 30 ಜಿಬಿಗೆ ಎಂಟು ಗಂಟೆ ಮೀರುತ್ತದೆ. ಜುಲೈ ತಿಂಗಳಲ್ಲಿ ನಮ್ಮೂರಲ್ಲಿ ಕರೆಂಟ್ ಅಷ್ಟು ಹೊತ್ತು ಇರುತ್ತೆ ಅಂತ ನಂಬಿ ಕೂರುವುದಕ್ಕಾಗಲ್ಲ.

ಎರಡನೆಯದು ನೆಟ್‌ವರ್ಕ್ ಕೇಬಲ್. ನನಗೆ ಜಾಸ್ತಿ ಪಾಠ ಕಲಿಸಿದ್ದು ಇದೇ. 12.5ರಲ್ಲಿ 11 ಆದರೂ ಸಿಗಬೇಕಿತ್ತು. ಸಿಕ್ಕಿದ್ದು 3. ರೌಟರ್ ಬದಲಿಸಿದೆ, ಕೇಬಲ್ ಬದಲಿಸಿದೆ, ಏನೂ ಆಗಲಿಲ್ಲ. ಕಾಪಿ ಆಗುವಾಗ ಪ್ರೊಸೆಸರ್ ಪೂರ್ತಿ 100ಕ್ಕೆ ಏರಿರುವುದು ಆಮೇಲೆ ಕಣ್ಣಿಗೆ ಬಿತ್ತು. ಡಿವೈಸ್ ಮ್ಯಾನೇಜರ್ ತೆರೆದರೆ ಡಿಸ್ಕ್ ಡಿಎಂಎ (ಡೇಟಾ ನೇರವಾಗಿ ಮೆಮೊರಿಗೆ ಹೋಗುವ ರೀತಿ) ಬಿಟ್ಟು ಪಿಐಒ (ಪ್ರತಿ ತುಣುಕನ್ನೂ ಪ್ರೊಸೆಸರೇ ಸಾಗಿಸುವ ನಿಧಾನ ರೀತಿ) ಮೋಡ್‌ಗೆ ಇಳಿದಿತ್ತು. ಡಿಸ್ಕಿನ ಕೇಬಲಿನಲ್ಲಿ ಮತ್ತೆ ಮತ್ತೆ ತಪ್ಪು ಕಂಡರೆ ವಿಂಡೋಸ್ ಎಕ್ಸ್‌ಪಿ ತಾನಾಗಿಯೇ ಹೀಗೆ ಇಳಿಸುತ್ತದೆ, ತಾನಾಗಿ ವಾಪಸ್ ಏರಿಸುವುದಿಲ್ಲ. ಡಬ್ಬ ಬಿಚ್ಚಿದೆ. ಹಿಂದೆ ರಿಪೇರಿ ಮಾಡಿದವರು 80 ತಂತಿಯ ಪಟ್ಟಿ ಕೇಬಲ್ ಇರಬೇಕಾದಲ್ಲಿ 40 ತಂತಿಯದ್ದು ಹಾಕಿದ್ದರು, ಅದೂ ಸಡಿಲ. 40 ತಂತಿಯಲ್ಲಿ 33ರ ಮೇಲೆ ಹೋಗುವಂತೆಯೇ ಇಲ್ಲ. ಎರಡೂ ಕೇಬಲಿನ ಕನೆಕ್ಟರಿನಲ್ಲಿ 40 ತೂತೇ ಇರುವುದರಿಂದ ತಂತಿ ಎಷ್ಟು ನಯ ಅಂತ ನೋಡಿಯೇ ಗುರುತಿಸಬೇಕು. ನಯವಾದದ್ದೇ 80ರದ್ದು. ಕೇಬಲ್ ಬದಲಿಸಿ, ಡಿವೈಸ್ ಮ್ಯಾನೇಜರಿನಲ್ಲಿ ಆ ಐಡಿಇ ಚಾನೆಲ್ ಅಳಿಸಿ, ರೀಸ್ಟಾರ್ಟ್ ಮಾಡಿದೆ. ವಿಡಿಯೊ ಮೂರು ನಿಮಿಷದಲ್ಲಿ ಬಂತು. 11! ಆ ಖುಷಿ ಹೇಳತೀರದು.

ಮೂರನೆಯದು ಡಿಸ್ಕನ್ನು ಹೊರಗೆ ತೆಗೆದು, ಯುಎಸ್‌ಬಿ 2.0 ಅಡಾಪ್ಟರಿನಿಂದ ಲ್ಯಾಪ್‌ಟಾಪಿಗೆ ಜೋಡಿಸುವುದು. 71 ಸೆಕೆಂಡ್, ಅಂದರೆ 28 ಮೆಗಾಬೈಟ್. 60ರಲ್ಲಿ ಅರ್ಧಕ್ಕೂ ಕಡಿಮೆ ಅಂತ ಬೇಜಾರು ಬೇಡ, ಯುಎಸ್‌ಬಿ 2.0ರಲ್ಲಿ 30ರ ಆಸುಪಾಸು ಸಿಕ್ಕರೆ ಸರಿಯಾಗಿಯೇ ಇದೆ ಅಂತ ಅರ್ಥ. ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಅದು ಯುಎಸ್‌ಬಿಯಲ್ಲಿ ಬರುವುದಿಲ್ಲ. ಅಡಾಪ್ಟರಿನ ಜೊತೆ ಪವರ್ ಸಪ್ಲೈ ಇರುವುದನ್ನೇ ಕೊಳ್ಳಿ.

ನಾಲ್ಕನೆಯದು ಐಡಿಇಯಿಂದ ಸಾಟಾಗೆ ತಿರುಗಿಸುವ ಚಿಕ್ಕ ಬೋರ್ಡ್. ಡಿಸ್ಕಿನ ಜಂಪರನ್ನು (ಹಿಂಬದಿಯ ಪಿನ್‌ಗಳಿಗೆ ಸಿಕ್ಕಿಸುವ ಚಿಕ್ಕ ಕ್ಯಾಪ್) ಮಾಸ್ಟರ್, ಅಂದರೆ ಮೊದಲ ಡಿಸ್ಕ್, ಅನ್ನುವ ಜಾಗಕ್ಕೆ ಹಾಕುವವರೆಗೂ ಡೆಸ್ಕ್‌ಟಾಪ್ ಅದನ್ನು ಗುರುತಿಸಲಿಲ್ಲ. ಆಮೇಲೆ 50 ಸೆಕೆಂಡ್, 40 ಮೆಗಾಬೈಟ್. ಬೋರ್ಡಿಗೆ 150ರ ಶಕ್ತಿ ಇದ್ದರೂ ಡಿಸ್ಕಿನೊಳಗೆ ಡೇಟಾ ಇರುವ ತಿರುಗುವ ತಟ್ಟೆ ಕೊಡುವುದೇ ಅಷ್ಟು. ಡಿಸ್ಕಿನ ಮೇಲಿನ 100 ಕೂಡ ದಾರಿಯ ಅಗಲವೇ ಹೊರತು ತಟ್ಟೆಯ ವೇಗವಲ್ಲ.

30 ಜಿಬಿಗೆ ಸಾಟಾ ಬೋರ್ಡಿನಲ್ಲಿ 12 ನಿಮಿಷ ಚಿಲ್ಲರೆ, ಅಡಾಪ್ಟರಿನಲ್ಲಿ 18. ಆರು ನಿಮಿಷಕ್ಕೋಸ್ಕರ ಸುಮ್ನೆ ಡೆಸ್ಕ್‌ಟಾಪ್ ಬಿಚ್ಚುವುದು ಬೇಡ ಅನಿಸಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಅಡಾಪ್ಟರನ್ನು ಯುಪಿಎಸ್‌ಗೆ ಸಿಕ್ಕಿಸಬಹುದು. ನಮ್ಮಂಥ ಊರಿಗೆ ಇದೇ ಸರಿ. ಡಿಸ್ಕ್ ಬಿಚ್ಚಲು ಹೆದರಿಕೆ ಇದ್ದರೆ ನೆಟ್‌ವರ್ಕ್ ಸಾಕು, 45 ನಿಮಿಷದ ಕೆಲಸ.

ನಿಜವಾಗಿ ಕಾಪಿ ಮಾಡಿದಾಗ 18 ಅಲ್ಲ, 50 ನಿಮಿಷ ಹಿಡಿಯಿತು. ಸಾವಿರಾರು ಸಣ್ಣ ಫೈಲುಗಳಿದ್ದವು. ಒಂದೊಂದಕ್ಕೂ ಡಿಸ್ಕಿನ ಹೆಡ್ ಜಾಗ ಹುಡುಕಿಕೊಂಡು ಓಡಬೇಕು, ಅಲ್ಲಿ ವೇಗ 4ಕ್ಕೆ ಇಳಿಯುತ್ತಿತ್ತು. ನಡುವೆ ದೊಡ್ಡಪ್ಪನಿಗೆ ಇನ್ನೊಂದು ಗಾಬರಿ. 40 ಜಿಬಿ ಡಿಸ್ಕನ್ನು ಲ್ಯಾಪ್‌ಟಾಪ್ 37.2 ಅಂತ ತೋರಿಸುತ್ತಿತ್ತು. ಏನೂ ಕಳೆದಿಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರ ಲೆಕ್ಕ ಹಾಕುತ್ತದೆ.

ಎಲ್ಲಾ ಮುಗಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಮಳೆ ಲೆಕ್ಕ ತೆರೆದುಕೊಟ್ಟೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಅವತ್ತಿನ 2 ಇಂಚು 40 ಸೆಂಟನ್ನು ಅದಕ್ಕೆ ಸೇರಿಸಿದರು.