ಸರಸ್ವತಿಪುರಂನ ಭಾನುವಾರದ ಇಂಗ್ಲಿಷ್ ವ್ಯಾಕರಣ ತರಗತಿ: ಆರು ವಾರಗಳ ನಂತರ

ಎಸ್‌ಎಸ್‌ಎಲ್‌ಸಿ ಓದುತ್ತಿರುವ ಅಕ್ಕನ ಮಗಳನ್ನು ಮಂಡ್ಯದಿಂದ ಮೈಸೂರಿನ ಸರಸ್ವತಿಪುರಂಗೆ ಪ್ರತಿ ಭಾನುವಾರ ಕರೆದೊಯ್ಯುವ ನೆಪದಲ್ಲಿ, ಅಲ್ಲಿನ ಇಂಗ್ಲಿಷ್ ವ್ಯಾಕರಣ ತರಗತಿಗೆ ನಾನೂ ಆರು ವಾರ ಸೇರಿದ್ದೆ. ಇಬ್ಬರಿಗೂ ಕೂಡಿ 3,000 ರೂಪಾಯಿ ಶುಲ್ಕ. ದೂರುವ ಮಾತೂ ಇರುವುದರಿಂದ ಸಂಸ್ಥೆಯ ಅಂಕಿತನಾಮವನ್ನು ಬಿಟ್ಟು ‘ತರಗತಿ’ ಎಂಬ ರೂಢನಾಮದಿಂದಲೇ ಕರೆಯುತ್ತೇನೆ.

ಮೊದಲ ಎರಡು ವಾರ ನಾಮಪದದ ವಿಧಗಳಿಗೇ ಮೀಸಲಾಗಿದ್ದವು. ಪ್ರಾಪರ್, ಕಾಮನ್, ಕಲೆಕ್ಟಿವ್, ಮೆಟೀರಿಯಲ್, ಆಬ್‌ಸ್ಟ್ರ್ಯಾಕ್ಟ್ ಎಂಬ ಐದು ಹೆಸರುಗಳನ್ನು ಬಾಯಿಪಾಠ ಮಾಡಿಸುವ ಬದಲು, ಮೇಷ್ಟ್ರು ನಾವು ಶಾಲೆಯಲ್ಲಿ ಕಲಿತ ಕನ್ನಡ ವ್ಯಾಕರಣದಿಂದಲೇ ಪಾಠವನ್ನು ಆರಂಭಿಸಿದರು. ಅಂಕಿತನಾಮ ಪ್ರಾಪರ್ ನೌನ್‌ಗೂ ರೂಢನಾಮ ಕಾಮನ್ ನೌನ್‌ಗೂ ಹೊಂದುತ್ತವೆ. ವ್ಯಾಪಾರಿ, ವಿಜ್ಞಾನಿ ಎಂಬಂಥ, ವೃತ್ತಿ ಅಥವಾ ಗುಣದ ಅರ್ಥಕ್ಕೆ ತಕ್ಕಂತೆ ಬಂದ ಅನ್ವರ್ಥನಾಮಗಳಿಗೆ ಇಂಗ್ಲಿಷಿನಲ್ಲಿ ಪ್ರತ್ಯೇಕ ವರ್ಗವಿಲ್ಲದೆ ಅವೂ ಕಾಮನ್ ನೌನ್‌ಗೇ ಸೇರುತ್ತವೆ. ನಮ್ಮ ಶಾಲಾ ವ್ಯಾಕರಣದಲ್ಲಿ ‘ದೊಡ್ಡ’, ‘ಕಪ್ಪು’ ಮುಂತಾದ ಗುಣವಾಚಕಗಳು ನಾಮಪದದ ಗುಂಪಿನಲ್ಲೇ ಬರುತ್ತವೆ, ಇಂಗ್ಲಿಷಿನಲ್ಲಿ ಅವು ಅಡ್ಜೆಕ್ಟಿವ್ ಎಂಬ ಬೇರೆಯೇ ಪದವರ್ಗ. ಅಕ್ಕನ ಮಗಳು ಶಾಲೆಯ ಕಿರುಪರೀಕ್ಷೆಯಲ್ಲಿ ‘ಬಿಗ್’ ಪದವನ್ನು ನೌನ್ ಎಂದು ಬರೆದು ಅಂಕ ಕಳೆದುಕೊಂಡದ್ದು ದಡ್ಡತನದಿಂದಲ್ಲ, ಕನ್ನಡ ವ್ಯಾಕರಣವನ್ನು ಸರಿಯಾಗಿ ಕಲಿತದ್ದರಿಂದ ಎಂಬುದು ನನಗೆ ಅಂದು ಹೊಳೆಯಿತು. ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ನಮ್ಮ ಲಿಪಿಯಲ್ಲಿಲ್ಲದ ಕಾರಣ ಮಕ್ಕಳು ಮಂಡ್ಯ, ಕಾವೇರಿ ಮುಂತಾದ ಹೆಸರುಗಳನ್ನು ಚಿಕ್ಕಕ್ಷರದಿಂದ ಆರಂಭಿಸುತ್ತಾರೆಂದು ಅವರು ತೋರಿಸಿದ್ದೂ ಉಪಯುಕ್ತವಾಗಿತ್ತು.

ಎಣಿಸಬಹುದಾದ ಮತ್ತು ಎಣಿಸಲಾಗದ ನಾಮಪದಗಳ ಪಾಠವೊಂದಕ್ಕೇ ಶುಲ್ಕ ಕೊಟ್ಟಿದ್ದರೂ ನನಗೆ ನಷ್ಟವೆನಿಸುತ್ತಿರಲಿಲ್ಲ. ಕನ್ನಡದಲ್ಲಿ ಮಾಹಿತಿಗಳು, ಸಲಹೆಗಳು ಎನ್ನುವ ಅಭ್ಯಾಸದಿಂದಲೇ ನಾನು ಕಚೇರಿಯ ಪತ್ರಗಳಲ್ಲಿ ಇಷ್ಟು ವರ್ಷ ‘ಇನ್‌ಫರ್ಮೇಶನ್ಸ್’, ‘ಅಡ್ವೈಸಸ್’ ಎಂದು ಬರೆಯುತ್ತಿದ್ದೆ. ಇದಕ್ಕೆ ವಿರುದ್ಧವಾಗಿ ‘ಐದು ತೆಂಗಿನಕಾಯಿ’ ಎನ್ನುವಾಗ ಬಹುವಚನವನ್ನೇ ಬಿಡುತ್ತೇವೆ. ಆದ್ದರಿಂದ ಇಂಗ್ಲಿಷಿನಲ್ಲಿ ಬೇಕಾದ ಕಡೆ ‘ಎಸ್’ ತಪ್ಪಿಹೋಗುತ್ತದೆ. ‘ಫರ್ನಿಚರ್’ ಪದವನ್ನು ಏಕೆ ಎಣಿಸಬಾರದೆಂದು ಹಿಂದಿನ ಬೆಂಚಿನ ಹುಡುಗನೊಬ್ಬ ಹಟ ಹಿಡಿದಾಗ, ಮಂಡ್ಯದ ಅಂಗಡಿಯಲ್ಲಿ ಯಾರಾದರೂ ‘ಎರಡು ಬೆಲ್ಲ ಕೊಡಿ’ ಎನ್ನುತ್ತಾರೆಯೇ, ‘ಎರಡು ಅಚ್ಚು ಬೆಲ್ಲ’ ಎಂದೇ ಕೇಳಬೇಕಲ್ಲವೇ ಎಂದು ಮೇಷ್ಟ್ರು ಮರುಪ್ರಶ್ನೆ ಹಾಕಿದರು. ಫರ್ನಿಚರ್ ಹಿಂದೆ ಬರುವ ‘ಪೀಸಸ್ ಆಫ್’ ಎಂಬುದು ನಮ್ಮ ಅಚ್ಚಿನ ಕೆಲಸವನ್ನೇ ಮಾಡುತ್ತದೆ. ಇದಕ್ಕಿಂತ ಚೊಕ್ಕವಾದ ವಿವರಣೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ತಕರಾರು ಇರುವುದು ಅಚ್ಚು ಮಾಡಿಸಿ ಹಂಚಿದ ಟಿಪ್ಪಣಿ ಪುಸ್ತಕದ ಬಗ್ಗೆ. ಅದರ ಆರನೆಯ ಪುಟದಲ್ಲಿ ‘ಸ್ಟೋನ್’ ಮೆಟೀರಿಯಲ್ ನೌನ್ (ಅಂದರೆ ದ್ರವ್ಯದ ಹೆಸರು) ಎಂದಷ್ಟೇ ಇದೆ. ಗೋಡೆಯನ್ನು ಕಲ್ಲಿನಿಂದ ಕಟ್ಟಿದ್ದಾರೆ ಎನ್ನುವಾಗ ಅದು ಸರಿ; ಗುಡ್ಡದಿಂದ ಕಲ್ಲೊಂದು ಉರುಳಿತು ಎನ್ನುವಾಗ ಅದೇ ಪದ ಎಣಿಸಬಹುದಾದ ಕಾಮನ್ ನೌನ್ ಆಗುತ್ತದೆ. ಪದದ ಬಳಕೆಯೇ ಅದರ ವಿಧವನ್ನು ನಿರ್ಧರಿಸುತ್ತದೆ ಎಂಬ ಮುಖ್ಯ ವಿಷಯ ಆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಅಕ್ಕನ ಮಗಳು ಇದನ್ನೇ ಕೇಳಿದಾಗ, ಅಷ್ಟು ಸೊಗಸಾಗಿ ಪಾಠ ಮಾಡಿದ ಮೇಷ್ಟ್ರೇ ‘ಪರೀಕ್ಷೆಯಲ್ಲಿ ಟಿಪ್ಪಣಿಯಲ್ಲಿರುವಂತೆ ಬರೆಯಮ್ಮ’ ಎಂದದ್ದು ಬೇಸರ ತಂದಿತು. ಪ್ರಾಪರ್ ನೌನ್ ಹಿಂದೆ ‘ದಿ’ ಬರುವುದೇ ಇಲ್ಲ ಎಂಬ ಸಾಲೂ ತಪ್ಪು. ನದಿಗಳ ಹೆಸರಿಗೆ ಅದು ಬೇಕು, ‘ದಿ ಕಾವೇರಿ’ ಎಂದೇ ಬರೆಯಬೇಕು.

ಕೊಠಡಿ ಇಕ್ಕಟ್ಟಾಗಿದೆ, ಆದರೆ ಸಮಯಪಾಲನೆ ಚೆನ್ನಾಗಿದೆ. ಸರಾಗವಾಗಿ ಇಂಗ್ಲಿಷ್ ಮಾತನಾಡಲು ಕಲಿಯಬೇಕೆನ್ನುವವರಿಗೆ ಇದು ತಕ್ಕ ಜಾಗವಲ್ಲ. ಕನ್ನಡ ಮಾಧ್ಯಮದ ಪ್ರೌಢಶಾಲಾ ಮಕ್ಕಳಿಗೆ ಧಾರಾಳವಾಗಿ ಶಿಫಾರಸು ಮಾಡಬಲ್ಲೆ. ಮುಂದಿನ ತಂಡಕ್ಕೆ ಅಕ್ಕನ ಮಗನನ್ನೂ ಸೇರಿಸುತ್ತಿದ್ದೇವೆ, ಆರನೆಯ ಪುಟವನ್ನು ನಾನೇ ತಿದ್ದಿ ಕಳುಹಿಸುತ್ತೇನೆ.