ಪರೀಕ್ಷೆ ಇಲ್ಲದ ಕೋರ್ಸ್, ವಾರಕ್ಕೊಂದು ದಿನಚರಿ

ಜರ್ಮನಿಗೆ ಓದಲು ಬಂದ ಮೊದಲ ಸೆಮಿಸ್ಟರ್‌ನಲ್ಲೇ ಈ ಕೋರ್ಸ್ ತೆಗೆದುಕೊಂಡೆ. ಬೇರೆ ಬೇರೆ ಸಂಸ್ಕೃತಿಯ ಜನ ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆ ಅನ್ನುವುದೇ ವಿಷಯ. ವಾರಕ್ಕೊಂದು ಪುಟ ದಿನಚರಿ ಬರೆಯಬೇಕು. ಅದನ್ನು ತರಗತಿಯವರೆಲ್ಲ ಓದಿ ಉತ್ತರ ಬರೆಯುತ್ತಾರೆ.

ನನ್ನ ಮೊದಲ ಪುಟ ವೇಳಾಪಟ್ಟಿಯ ಬಗ್ಗೆ. ‘10 ಸಿ.ಟಿ.’ ಅಂತ ಇತ್ತು. ಸರಿಯಾಗಿ ಹತ್ತಕ್ಕೆ ಹೋದರೆ ಕೋಣೆ ಖಾಲಿ! ಗಾಬರಿಯಾಯಿತು. ‘ಕುಮ್ ಟೆಂಪೊರೆ’ ಎಂಬ ಲ್ಯಾಟಿನ್ ಮಾತು ಅದು, ಅಂದರೆ ಪಾಠ ಶುರುವಾಗುವುದು 10.15ಕ್ಕೆ. ‘ಎಸ್.ಟಿ.’ ಅಂತಿದ್ದರೆ ಮಾತ್ರ ಹತ್ತಕ್ಕೇ. ಇಲ್ಲಿಯವರಿಗೆ ಇದನ್ನು ಹೇಳಿಕೊಡಬೇಕು ಅಂತಲೇ ಹೊಳೆದಿರಲಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ವಿವರಿಸಿದ ‘ಹೈ ಕಾಂಟೆಕ್ಸ್ಟ್’ ಅನ್ನುವುದು, ಅಂದರೆ ಬಾಯಿಬಿಟ್ಟು ಹೇಳದೆಯೇ ಒಳಗಿನವರಿಗೆ ಗೊತ್ತಿರುವ ಸಂಗತಿ, ನನಗೆ ಅರ್ಥವಾದದ್ದು ಆ ಖಾಲಿ ಕೋಣೆಯಿಂದ.

ಒಂದೇ ಕೊರತೆ: ಮೇಷ್ಟರ ಅಭಿಪ್ರಾಯ ಸಿಕ್ಕಿದ್ದು ಸೆಮಿಸ್ಟರ್ ಕೊನೆಗೆ. ಮೊದಲೇ ಸಿಕ್ಕಿದ್ದರೆ ಜಾಸ್ತಿ ಕಲಿಯುತ್ತಿದ್ದೆ. ಆದರೂ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕನ್ನಡದ ಹುಡುಗ ಹುಡುಗಿಯರು ಖಂಡಿತ ತೆಗೆದುಕೊಳ್ಳಿ.

ನನಗೆ ತುಂಬಾ ಇಷ್ಟವಾದದ್ದು ಜರ್ಮನ್ ಭಾಷೆಯ ‘ಸೀ’ ಮತ್ತು ‘ಡು’ ಬಗ್ಗೆ ಬರೆದ ವಾರ. ನಮ್ಮ ‘ನೀವು’, ‘ನೀನು’ ಇದ್ದಂತೆ ಅಲ್ವಾ? ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’ ಅನ್ನುತ್ತೇನೆ ಎಂದು ಬರೆದೆ. ಜರ್ಮನ್ ಗೆಳತಿಗೆ ಆಶ್ಚರ್ಯ. ಅವಳು ಇಬ್ಬರಿಗೂ ‘ಡು’ ಅನ್ನುತ್ತಾಳೆ. ಉತ್ತರದ ಕೊನೆಗೆ ಒಂದು ಪ್ರಶ್ನೆ ಕೇಳಿದ್ದಳು: ‘ದೇವರಿಗೆ ಏನನ್ನುತ್ತೀರಿ?’ ‘ನೀನು’ ಎಂದು ಬರೆದೆ. ಅವರ ಪ್ರಾರ್ಥನೆಯಲ್ಲೂ ‘ಡು’ ಅಂತಲೇ ಇದೆಯಂತೆ.